ಕ್ಲೀವ್‌ಡನ್ ಪಿಯರ್ ಕಪ್ಪು-ಬಿಳುಪಲ್ಲಿ: ಫ್ರೇಮಿಂದ ಜನರನ್ನ ತೆಗೆಯೋಕೆ ಯಾವ ದಾರಿ ಯಾವಾಗ ಸರಿ

ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದ ಹೊಸದರಲ್ಲಿ ಹತ್ರದ ಕ್ಲೀವ್‌ಡನ್ ಊರಿನ ಪಿಯರ್, ಅಂದ್ರೆ ಕಂಬಗಳ ಮೇಲೆ ಸಮುದ್ರದೊಳಕ್ಕೆ ಚಾಚಿದ ಸೇತುವೆ ಥರದ ಕಟ್ಟೆ, ಅದರ ಫೋಟೋ ತೆಗೆಯೋಕೆ ಹೋದಾಗ ನಂಗೆ ಎರಡು ತೊಂದ್ರೆ ಎದುರಾಯ್ತು, ಒಂದು ನೀರಿನ ಬಣ್ಣ, ಇನ್ನೊಂದು ಜನ. ಮಲ್ಪೆ ಕಡೆ ಬೆಳೆದವನಿಗೆ ಸಮುದ್ರ ಅಂದ್ರೆ ನೀಲಿ, ಹಸಿರು, ಬಿಸಿಲಿಗೆ ಹೊಳೆಯೋದು. ಇಲ್ಲಿ ಇಂಗ್ಲೆಂಡಿಗೂ ವೇಲ್ಸ್‌ಗೂ ನಡುವಿನ ಬ್ರಿಸ್ಟಲ್ ಚಾನೆಲ್‌ನಲ್ಲಿ ಕೆಸರು ಯಾವತ್ತೂ ತಳಕ್ಕೆ ಕೂರೋದೇ ಇಲ್ಲ, ನೀರೆಲ್ಲ ಟೀ ಬಣ್ಣ. ಮನೆಗೆ ಬಂದು ಒಂದು ಫೈಲನ್ನ ಕಪ್ಪು-ಬಿಳುಪು ಮಾಡಿ ನೋಡಿದೆ, ಅದೇ ಕೆಸರು ನೀರು ಬೆಳ್ಳಿ ತಗಡಿನ ಥರ ಮಲಗಿತ್ತು, ಅವತ್ತಿಂದ ಈ ಪಿಯರನ್ನ ನಾನು ಬಣ್ಣದಲ್ಲಿ ಯೋಚನೆ ಮಾಡಿದ್ದೇ ಇಲ್ಲ. ಜನರ ವಿಷಯ ಮಾತ್ರ ಇಷ್ಟು ಸುಲಭಕ್ಕೆ ಬಗೆಹರೀಲಿಲ್ಲ. ಒಂದೊಂದೇ ದಾರಿ ಟ್ರೈ ಮಾಡಿ, ಪ್ರಿಂಟ್ ಹಾಕ್ಸಿ, ಎಲ್ಲೆಲ್ಲಿ ಕೈ ಕೊಡ್ತು ಅಂತ ನೋಡಿದ್ಮೇಲೆ ಇದನ್ನ ಬರೀತಾ ಇದೀನಿ.

ಮೊದ್ಲು ಪಿಯರ್ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಯಾವ ದಾರಿ ಆರಿಸ್ಕೋಬೇಕು ಅನ್ನೋದು ಅದರ ಮೇಲೇ ನಿಂತಿದೆ. 1869ರಲ್ಲಿ ತೆರೆದದ್ದು, 312 ಮೀಟರ್ ಉದ್ದ, ನೂರು ನೂರು ಅಡಿಯ ಎಂಟು ಕಮಾನು. ಕಾಲುಗಳನ್ನ ಮಾಡಿರೋದು ಸೌತ್ ವೇಲ್ಸ್ ರೈಲ್ವೆಯಿಂದ ಕಿತ್ತ ಹಳೇ ಬಾರ್ಲೋ ಹಳಿಗಳಿಂದ, ಅದಕ್ಕೇ ಅಷ್ಟು ತೆಳ್ಳಗೆ, ದೂರದಿಂದ ನೋಡಿದ್ರೆ ಪೆನ್ಸಿಲ್ ಗೆರೆ ಎಳೆದ ಹಾಗೆ ಕಾಣತ್ತೆ. 1970ರ ಅಕ್ಟೋಬರ್‌ನಲ್ಲಿ ವಿಮೆಗೋಸ್ಕರ ಭಾರ ಹೇರಿ ಪರೀಕ್ಷೆ ಮಾಡುವಾಗ ಎರಡು ಕಮಾನು ಕುಸಿದು ಸಮುದ್ರಕ್ಕೆ ಬಿತ್ತು. ಆಮೇಲೆ ಇದನ್ನ ಕೆಡವೋ ಮಾತೂ ಬಂತು, ಊರಿನ ಜನ ಬಿಡ್ಲಿಲ್ಲ, ದುಡ್ಡು ಕೂಡಿಸಿ 1989ರಲ್ಲಿ ಮತ್ತೆ ತೆರೆಸಿದ್ರು, ತುದಿಯ ಮಂಟಪದ ಭಾಗ 1998ರಲ್ಲಿ ತೆರೀತು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಕಬ್ಬಿಣದ ಗೆರೆಗಳೇ ಈ ಫೋಟೋದ ಜೀವ. ಹಾಗಾಗಿ ನಾನು ಪ್ರತಿ ದಾರಿಗೂ ಒಂದೇ ಪ್ರಶ್ನೆ ಕೇಳ್ತೀನಿ: ಜನ ಹೋದ ಜಾಗದಲ್ಲಿ ಉಳಿಯೋ ರೇಲಿಂಗು ನಿಜವಾದ ರೇಲಿಂಗೋ, ಕಂಪ್ಯೂಟರ್ ಊಹಿಸಿದ ರೇಲಿಂಗೋ?

ಇನ್ನೊಂದು ವಿಷಯ ಮೊದಲೇ ತಲೇಲಿರಲಿ. ಎಲ್ಲಿ ನಿಂತು ತೆಗೀತೀರಿ ಅನ್ನೋದರ ಮೇಲೆ ಜನರ ಸಮಸ್ಯೆನೇ ಬದಲಾಗತ್ತೆ. ಬೀಚಿನ ಬೆಣಚುಕಲ್ಲುಗಳ ಮೇಲೆ ನಿಂತು ಪಕ್ಕದಿಂದ ತೆಗೆದ್ರೆ ಜನ ಮೇಲೆ ಇರುವೆ ಸಾಲಿನ ಥರ ಚಿಕ್ಕದಾಗಿ, ಫ್ರೇಮಿನ ಅಡ್ಡಕ್ಕೆ ನಡೀತಾರೆ. ಪಿಯರ್ ಮೇಲೇ ನಿಂತು ಹಲಗೆಯ ಉದ್ದಕ್ಕೆ ತುದಿಯ ಮಂಟಪ ನೋಡ್ತಾ ತೆಗೆದ್ರೆ ಅವರು ದೊಡ್ಡದಾಗಿ, ನಿಮ್ಮ ಕಡೆಗೇ ಬರ್ತಾರೆ ಇಲ್ಲಾ ನಿಮ್ಮಿಂದ ದೂರ ಹೋಗ್ತಾರೆ. ಈ ಎರಡಕ್ಕೂ ಒಂದೇ ಔಷಧಿ ನಡೆಯಲ್ಲ.

ಎಲ್ಲಕ್ಕಿಂತ ಒಳ್ಳೇ ದಾರಿಗೆ ದುಡ್ಡೂ ಬೇಡ ಸಾಫ್ಟ್‌ವೇರೂ ಬೇಡ, ಗೇಟ್ ಮುಚ್ಚಿರುವಾಗ ಹೋಗೋದು. ಕ್ಲೀವ್‌ಡನ್‌ನಲ್ಲಿ ಟಿಕೆಟ್ ತಗೊಂಡು ಒಳಗೆ ಹೋಗಬೇಕು, ಗೇಟು ಸಾಮಾನ್ಯವಾಗಿ ಬೆಳಗ್ಗೆ ಹತ್ತರ ಸುಮಾರಿಗೆ ತೆರೆಯೋದು, ಅಂದ್ರೆ ಬೆಳಗಾತ ಬೀಚಿಂದ ತೆಗೆದ್ರೆ ಮೇಲೆ ಹೆಚ್ಚುಕಮ್ಮಿ ಯಾರೂ ಇರಲ್ಲ. ಜೂನ್‌ನಲ್ಲಿ ಸೂರ್ಯ ಐದು ಗಂಟೆ ಹೊತ್ತಿಗೆ ಹುಟ್ತಾನೆ, ಹಾಗಾಗಿ ಖಾಲಿ ಪಿಯರ್ ಜೊತೆ ಐದು ಗಂಟೆ ಸಮಯ ಸಿಗತ್ತೆ. ಇದರ ಕೊರತೆ ಏನಂದ್ರೆ ಪಿಯರ್ ಪಶ್ಚಿಮದ ಕಡೆ ಚಾಚಿದೆ, ಬೆಳಗಿನ ಬೆಳಕು ನಿಮ್ಮ ಬೆನ್ನ ಹಿಂದಿಂದ ಬರತ್ತೆ, ಸಂಜೆ ಸಿಗೋ ಆ ಕಪ್ಪು ಸಿಲೂಯೆಟ್ ಸಿಗಲ್ಲ. ಮೋಡ ಕವಿದ ದಿನ ಆದ್ರೆ ಈ ವ್ಯತ್ಯಾಸನೂ ಇಲ್ಲ, ಇಂಗ್ಲೆಂಡಿನಲ್ಲಿ ಮೋಡಕ್ಕೇನು ಬರ. ಹಲಗೆ ಮೇಲಿಂದ ತೆಗೆಯೋ ಆಸೆ ಇರೋರಿಗೆ ಮಾತ್ರ ಈ ದಾರಿ ಇಲ್ಲ, ಗೇಟು ನಿಮಗೂ ಮುಚ್ಚಿರತ್ತಲ್ಲ.

ಜನ ಇರೋ ಹೊತ್ತಲ್ಲೇ ಹೋಗೋದಾದ್ರೆ ಮುಖ್ಯವಾಗಿ ಎರಡು ದಾರಿ ಎದುರಾಬದುರು ನಿಲ್ತವೆ, ಎನ್‌ಡಿ ಫಿಲ್ಟರ್ ಹಾಕಿ ಲಾಂಗ್ ಎಕ್ಸ್‌ಪೋಶರ್ ಮಾಡೋದು (ಶಟರನ್ನ ತುಂಬಾ ಹೊತ್ತು ತೆರೆದಿಡೋದು), ಅಥವಾ ಟ್ರೈಪಾಡ್ ಅಲ್ಲಾಡಿಸದೆ ಹತ್ತಾರು ಫ್ರೇಮ್ ತೆಗೆದು ಆಮೇಲೆ ಮೀಡಿಯನ್ ಸ್ಟ್ಯಾಕ್ ಮಾಡೋದು.

ಎನ್‌ಡಿ ಫಿಲ್ಟರ್ ಅಂದ್ರೆ ಲೆನ್ಸ್‌ಗೆ ಹಾಕೋ ಕಪ್ಪು ಗಾಜು. ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಆಗೋದು, ಹತ್ತು ಸ್ಟಾಪಿನದು ಬೆಳಕನ್ನ ಸುಮಾರು ಸಾವಿರ ಪಟ್ಟು ಕಮ್ಮಿ ಮಾಡತ್ತೆ, ಮೋಡದ ದಿನ ಐಎಸ್‌ಒ (ಬೆಳಕಿಗೆ ಸ್ಪಂದಿಸೋ ಅಳತೆ) 100, ಲೆನ್ಸಿನ ಕಂಡಿ ಎಫ್ 11 ಇಟ್ಟಾಗ 1/30 ಸೆಕೆಂಡ್ ಇದ್ದದ್ದು 34 ಸೆಕೆಂಡ್ ಆಗತ್ತೆ. ಬೀಚಿಂದ ನೋಡುವಾಗ ಅಡ್ಡಕ್ಕೆ ನಡಕೊಂಡು ಹೋಗೋ ಮನುಷ್ಯ ತನ್ನ ಮೈಯಗಲದಷ್ಟು ದೂರ ದಾಟೋಕೆ ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಅಂದ್ರೆ 34 ಸೆಕೆಂಡಿನಲ್ಲಿ ಯಾವುದೇ ಒಂದು ಜಾಗದಲ್ಲಿ ಅವನ ಪಾಲು ನೂರಕ್ಕೆ ಒಂದು, ಅಷ್ಟು ಕಮ್ಮಿ ಬೆಳಕು ಫೈಲಿನಲ್ಲಿ ಗುರುತೂ ಬಿಡಲ್ಲ. ಜೊತೆಗೆ ಅಲೆಗಳೆಲ್ಲ ಕರಗಿ ನೀರು ಮಂಜಿನ ಹಾಗಾಗಿ ಆ ತೆಳ್ಳಗಿನ ಕಾಲುಗಳು ಎದ್ದು ಕಾಣ್ತವೆ. ಅಗ್ಗದ ಎನ್‌ಡಿ ಫಿಲ್ಟರ್‌ಗಳು ಫೋಟೋಗೆ ಕಂದು ಬಣ್ಣವೋ ನೇರಳೆಯೋ ಬಳೀತವೆ ಅಂತ ಜನ ದೂರ್ತಾರೆ, ನಿಜವೇ, ಆದ್ರೆ ನೀವು ಮಾಡ್ತಿರೋದು ಕಪ್ಪು-ಬಿಳುಪು, ಆ ಬಣ್ಣ ನಿಮಗೆ ಹೆಚ್ಚು ತೊಂದ್ರೆ ಕೊಡಲ್ಲ, ಆ ದುಡ್ಡು ಉಳಿಸಿ ಗಟ್ಟಿ ಟ್ರೈಪಾಡ್‌ಗೆ ಹಾಕಿ. ತಿರುಗಿಸಿ ಕತ್ತಲೆ ಹೆಚ್ಚು ಕಮ್ಮಿ ಮಾಡೋ ವೇರಿಯೇಬಲ್ ಎನ್‌ಡಿ ಮಾತ್ರ ಬೇಡ, ವೈಡ್ ಲೆನ್ಸ್‌ನಲ್ಲಿ ಕೊನೇವರೆಗೆ ತಿರುಗಿಸಿದ್ರೆ ಆಕಾಶದಲ್ಲಿ ಕಪ್ಪು ಇಂಟು ಗುರುತು ಬೀಳತ್ತೆ, ಅದನ್ನ ಕಪ್ಪು-ಬಿಳುಪೂ ಮುಚ್ಚಲ್ಲ.

ಎನ್‌ಡಿ ಸೋಲೋದು ಕೂತವರ ಮುಂದೆ. ಕ್ಲೀವ್‌ಡನ್ ತುದಿಯಲ್ಲಿ ಮೀನು ಹಿಡಿಯೋರು ಗಾಳ ಹಾಕಿ ಗಂಟೆಗಟ್ಟಲೆ ನಿಲ್ತಾರೆ, ಬೆಂಚುಗಳ ಮೇಲೆ ವಯಸ್ಸಾದವರು ಥರ್ಮಾಸ್ ಇಟ್ಕೊಂಡು ಕೂರ್ತಾರೆ, ಅವರ ಮೇಲೆ ನಿಮ್ಮ 34 ಸೆಕೆಂಡಿಗೆ ಯಾವ ಅಧಿಕಾರನೂ ಇಲ್ಲ. 1838ರಲ್ಲಿ, ಫೋಟೋ ತೆಗೆಯೋದನ್ನ ಶುರು ಮಾಡಿದವರಲ್ಲಿ ಒಬ್ಬನಾದ ಡಾಗೇರ್ ಪ್ಯಾರಿಸ್ಸಿನ ಬುಲ್‌ವಾರ್ ದ್ಯು ಟಾಂಪ್ಲ್ ರಸ್ತೆಯನ್ನ ನಿಮಿಷಗಟ್ಟಲೆ ಎಕ್ಸ್‌ಪೋಸ್ ಮಾಡಿದಾಗ ಓಡಾಡೋ ಜನ, ಗಾಡಿ ಎಲ್ಲಾ ಮಾಯ ಆಗಿ ಶೂ ಪಾಲಿಶ್ ಮಾಡಿಸ್ಕೊಳ್ತಾ ನಿಂತವನು, ಪಾಲಿಶ್ ಮಾಡೋನು ಮಾತ್ರ ಉಳ್ಕೊಂಡ್ರು, ಅದೇ ಲೆಕ್ಕ ಇವತ್ತಿಗೂ. ಇನ್ನು ಹಲಗೆ ಉದ್ದಕ್ಕೆ ತೆಗೆಯುವಾಗ ನಡೆಯೋರೂ ಕೈಗೆ ಸಿಗಲ್ಲ, ಯಾಕಂದ್ರೆ ನಿಮ್ಮ ಕಡೆಗೇ ಬರೋನು ಫ್ರೇಮಿನಲ್ಲಿ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಇರ್ತಾನೆ, ದೊಡ್ಡದಾಗ್ತಾ ಬರ್ತಾನೆ ಅಷ್ಟೇ, ಫಲ ಏನು ಅಂದ್ರೆ ಮಂಟಪದ ಮುಂದೆ ಒಂದು ಬೂದು ಹೊಗೆ. ಮತ್ತೆ ಅದು ಮರದ ಹಲಗೆ, ಯಾರಾದ್ರೂ ಹತ್ರ ನಡೆದ್ರೆ ಟ್ರೈಪಾಡ್‌ಗೆ ನಡುಕ ಬರತ್ತೆ. ನನ್ನ ಮೊದಲ ಒಂದು ವರ್ಷದ ಹಲಗೆ ಮೇಲಿನ ಲಾಂಗ್ ಎಕ್ಸ್‌ಪೋಶರ್‌ಗಳು ಬಹುಪಾಲು ಹೀಗೇ ಮಸುಕಾದ್ವು, ಫೋಕಸ್ ತಪ್ಪಿರಬೇಕು ಅಂದ್ಕೊಂಡು ಲೆನ್ಸ್ ಮೇಲೆ ಸುಮ್ನೆ ಅನುಮಾನ ಪಟ್ಟೆ.

ಮೀಡಿಯನ್ ಸ್ಟ್ಯಾಕ್ ಬೇರೆ ಥರ ಕೆಲಸ ಮಾಡತ್ತೆ. ಒಂದೇ ಜಾಗದಿಂದ ಹದಿನೈದು ಫ್ರೇಮ್ ಇದೆ ಅಂದ್ಕೊಳಿ, ಸಾಫ್ಟ್‌ವೇರ್ ಪ್ರತಿ ಪಿಕ್ಸೆಲ್‌ಗೂ ಹದಿನೈದು ಬೆಲೆಗಳನ್ನ ಸಾಲಾಗಿ ನಿಲ್ಸಿ ಮಧ್ಯದ್ದನ್ನ ಎತ್ಕೊಳ್ಳತ್ತೆ. ಆ ಜಾಗ ಅರ್ಧಕ್ಕಿಂತ ಜಾಸ್ತಿ ಫ್ರೇಮ್‌ಗಳಲ್ಲಿ, ಅಂದ್ರೆ ಎಂಟರಲ್ಲಿ ಖಾಲಿ ಇದ್ರೆ ಸಾಕು, ಮಿಕ್ಕ ಏಳರಲ್ಲಿ ಯಾರು ಬಂದ್ರು ಹೋದ್ರು ಅನ್ನೋ ಸುದ್ದಿನೇ ಇರಲ್ಲ, ಹೊಗೆನೂ ಉಳಿಯಲ್ಲ. ಇಲ್ಲಿ ಸಿಗೋ ರೇಲಿಂಗು ನಿಜವಾದ ರೇಲಿಂಗು, ಕ್ಯಾಮೆರಾ ಕಂಡದ್ದೇ. ಜೊತೆಗೆ ನಾಯ್ಸ್, ಅಂದ್ರೆ ಫೋಟೋದಲ್ಲಿ ಕಾಣೋ ಕಾಳು ಕಾಳು, ಕಮ್ಮಿ ಆಗತ್ತೆ. ಹಲಗೆ ಮೇಲಿಂದ ತೆಗೆಯೋರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳ್ತೀನಿ, ಒಂದೊಂದು ಫ್ರೇಮೂ 1/125ರಷ್ಟು ಚಿಕ್ಕದಿದ್ರೆ ನಡುಕದ ತೊಂದ್ರೆನೂ ಇಲ್ಲ, ಯಾರೂ ಹತ್ರ ನಡೀದಿರೋ ಗಳಿಗೆ ನೋಡ್ಕೊಂಡು ಕ್ಲಿಕ್ ಮಾಡಿದ್ರಾಯ್ತು. ಕೂತವರು ಏಳೋವರೆಗೂ ಕಾಯೋ ತಾಳ್ಮೆ ಇದ್ರೆ ಅವರೂ ಹೋಗ್ತಾರೆ. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಎಲ್ಲ ಮ್ಯಾನ್ಯುಯಲ್‌ನಲ್ಲಿ ಇಡಿ, ಫ್ರೇಮ್‌ಗಳ ನಡುವೆ ಇಪ್ಪತ್ತು ಸೆಕೆಂಡಾದ್ರೂ ಬಿಡಿ, ಪಟಪಟ ಅಂತ ಬರ್ಸ್ಟ್ ಹೊಡೆದ್ರೆ ಎಲ್ಲಾ ಫ್ರೇಮಲ್ಲೂ ಅದೇ ಮನುಷ್ಯ ಅದೇ ಜಾಗದಲ್ಲಿರ್ತಾನೆ. ಫೋಟೋಶಾಪಲ್ಲಿ ಫೈಲ್ ಮೆನು ಒಳಗೆ ಸ್ಕ್ರಿಪ್ಟ್ಸ್, ಅದರೊಳಗೆ ಸ್ಟ್ಯಾಟಿಸ್ಟಿಕ್ಸ್ ಅಂತಿದೆ, ಅಲ್ಲಿ ಮೀಡಿಯನ್ ಆರಿಸ್ಕೊಳಿ. ಅಫಿನಿಟಿ ಫೋಟೋದಲ್ಲೂ ಸ್ಟ್ಯಾಕ್ ಇದೆ. ಪುಕ್ಕಟೆ ಬೇಕು ಅಂದ್ರೆ ಗಿಂಪ್‌ಗೆ ಜಿಮಿಕ್ ಪ್ಲಗಿನ್ ಹಾಕ್ಕೊಳಿ, ಅಥವಾ ಕಮಾಂಡ್ ಬರೆಯೋ ಅಭ್ಯಾಸ ಇರೋರಿಗೆ ಇಮೇಜ್‌ಮ್ಯಾಜಿಕ್, ಬೆಂಗಳೂರಿನ ಅರ್ಧ ಗೆಳೆಯರಿಗೆ ಅದೇ ಸುಲಭ ಅನ್ಸತ್ತೆ.

ಆದ್ರೆ ಕ್ಲೀವ್‌ಡನ್‌ನಲ್ಲಿ ಸ್ಟ್ಯಾಕ್‌ಗೆ ಒಬ್ಬ ಶತ್ರು ಇದಾನೆ, ಉಬ್ಬರ-ಇಳಿತ. ನಮ್ಮ ಮಲ್ಪೆಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರ್ ವ್ಯತ್ಯಾಸನೂ ದಾಟಲ್ಲ. ಬ್ರಿಸ್ಟಲ್ ಚಾನೆಲ್‌ದು ಪ್ರಪಂಚದಲ್ಲೇ ಅತಿ ದೊಡ್ಡ ಉಬ್ಬರ-ಇಳಿತಗಳಲ್ಲಿ ಒಂದು, ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ಹನ್ನೆರಡು ಮೀಟರ್ ಕೂಡ ದಾಟತ್ತೆ. ಆರು ಗಂಟೆಯಲ್ಲಿ ಹನ್ನೆರಡು ಮೀಟರ್ ಅಂದ್ರೆ ಮಧ್ಯದ ಎರಡು ಗಂಟೆಯಲ್ಲಿ ಗಂಟೆಗೆ ಮೂರು ಮೀಟರ್, ನೀವು ಹತ್ತು ನಿಮಿಷ ಸ್ಟ್ಯಾಕ್‌ಗೆ ಫ್ರೇಮ್ ತೆಗೆಯೋದ್ರೊಳಗೆ ನೀರು ಕಂಬದ ಮೇಲೆ ಅರ್ಧ ಮೀಟರ್ ಏರಿರತ್ತೆ. ಫೋಟೋದಲ್ಲಿ ಕಂಬದ ಬುಡದಲ್ಲಿ ಒದ್ದೆ ಎಲ್ಲಿ ಮುಗೀತು ನೀರು ಎಲ್ಲಿ ಶುರುವಾಯ್ತು ಅಂತ ತಿಳಿಯದ ಒಂದು ಮಸುಕು ಪಟ್ಟಿ ಬರತ್ತೆ, ದೊಡ್ಡ ಪ್ರಿಂಟಿನಲ್ಲಿ ಎದ್ದು ಕಾಣತ್ತೆ. ಇದಕ್ಕೆ ಮದ್ದು ಟೈಡ್ ಟೇಬಲ್ (ಉಬ್ಬರ-ಇಳಿತದ ವೇಳಾಪಟ್ಟಿ) ನೋಡ್ಕೊಂಡು ಹೋಗೋದು. ಉಬ್ಬರ ತುದಿ ಮುಟ್ಟಿದಾಗ ಅದರ ಆಚೆ ಈಚೆ ಒಂದು ಹದಿನೈದು ನಿಮಿಷ ನೀರು ಹೆಚ್ಚುಕಮ್ಮಿ ನಿಂತಂಗಿರತ್ತೆ, ಸ್ಟ್ಯಾಕ್ ಮಾಡೋಕೆ ಅದೇ ಹೊತ್ತು. ಇಳಿತದ ತುದಿಯಲ್ಲೂ ಹೀಗೇ, ಆದ್ರೆ ಆಗ ಕಾಲುಗಳ ಬುಡದ ಕೆಸರು, ಪಾಚಿ ಎಲ್ಲಾ ಕಾಣತ್ತೆ, ಕೆಲವರಿಗೆ ಅದೇ ಇಷ್ಟ. ನಂಗೆ ಉಬ್ಬರವೇ ಚೆಂದ.

ಮೋಡಗಳದ್ದೂ ಇದೇ ಕಥೆ. ಓಡೋ ಮೋಡಗಳ ಮೀಡಿಯನ್ ತೆಗೆದ್ರೆ ಆಕಾಶ ಉಜ್ಜಿ ಒರೆಸಿದ ಹಾಗೆ ಅಲ್ಲಲ್ಲಿ ಕಲೆ ಕಲೆ ಆಗತ್ತೆ. ನಾನು ಸ್ಟ್ಯಾಕಿಂದ ಪಿಯರನ್ನ ಮಾತ್ರ ತಗೊಂಡು ಆಕಾಶ, ನೀರು ಎರಡನ್ನೂ ಒಂದೇ ಫ್ರೇಮಿಂದ ಮಾಸ್ಕ್ ಮಾಡಿ ಕೂಡಿಸ್ತೀನಿ. ಬೀಚಿಂದ ತೆಗೆಯುವಾಗ ಎರಡನ್ನೂ ಸೇರಿಸೋದು ನಂಗೆ ಸಿಕ್ಕ ಅತಿ ಒಳ್ಳೇ ದಾರಿ: ಎನ್‌ಡಿ ಹಾಕಿ ಮೂವತ್ತು ಸೆಕೆಂಡಿನ ಏಳು ಫ್ರೇಮ್, ಒಟ್ಟು ನಾಲ್ಕು ನಿಮಿಷದೊಳಗೆ ಕೆಲಸ ಆಗತ್ತೆ, ನೀರು ಏರೋದೂ ಗೊತ್ತಾಗಲ್ಲ. ಒಂದೊಂದು ಫ್ರೇಮಲ್ಲೂ ನಡೆಯೋರು ಆಗ್ಲೇ ಮಾಯ, ಒಂದು ನಿಮಿಷ ನಿಂತು ವೇಲ್ಸ್ ಕಡೆ ನೋಡಿ ಮುಂದೆ ಹೋದವರನ್ನ ಮೀಡಿಯನ್ ನೋಡ್ಕೊಳ್ಳತ್ತೆ. ಕ್ಯಾಮೆರಾದಲ್ಲಿ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದ್ರೆ ಆಫ್ ಮಾಡಿ, ಇಲ್ಲಾಂದ್ರೆ ಪ್ರತಿ ಮೂವತ್ತು ಸೆಕೆಂಡಿಗೂ ಅದು ಇನ್ನೊಂದು ಮೂವತ್ತು ಸೆಕೆಂಡ್ ತಿಂದು ಲೆಕ್ಕ ಡಬಲ್ ಆಗತ್ತೆ.

ಇನ್ನು ಮನೆಗೆ ಬಂದ್ಮೇಲೆ ಅಳಿಸೋ ದಾರಿಗಳು. ಪಕ್ಕದ ಜಾಗವನ್ನ ನಕಲು ಮಾಡಿ ತೇಪೆ ಹಾಕೋ ಹಳೇ ಕ್ಲೋನ್ ಸ್ಟಾಂಪ್, ಹೀಲಿಂಗ್ ಬ್ರಷ್ ಇದಾವಲ್ಲ, ಬೀಚಿನ ಬೆಣಚುಕಲ್ಲು, ನೀರು, ಆಕಾಶ ಇಂಥ ಜಾಗದಲ್ಲಿ ನಿಂತವರನ್ನ ತೆಗೆಯೋಕೆ ಇವೇ ಸಾಕು. ರೇಲಿಂಗ್ ಮುಂದೆ ನಿಂತವರಿಗೆ ಮಾತ್ರ ಕೈ ನೋಯತ್ತೆ, ಆದ್ರೆ ಅಸಾಧ್ಯ ಅಲ್ಲ, ಪಕ್ಕದ ಕಮಾನಿನ ಅದೇ ಅಳತೆಯ ರೇಲಿಂಗ್ ತುಂಡನ್ನ ತಂದು ಕೂರಿಸ್ಬಹುದು, ಎಂಟು ಕಮಾನೂ ಒಂದೇ ಅಳತೆ ಅನ್ನೋದು ಇಲ್ಲಿ ಸಹಾಯಕ್ಕೆ ಬರತ್ತೆ, ದೂರ ಹೋದಷ್ಟೂ ಚಿಕ್ಕದಾಗೋದನ್ನ ಸರಿ ಮಾಡ್ಕೋಬೇಕು ಅಷ್ಟೇ.

ಫೋನಿನ ಎಐ ಇರೇಸರ್‌ಗಳ ಬಗ್ಗೆ ಎಲ್ಲರೂ ಕೇಳ್ತಾರೆ. ಗೂಗಲ್‌ನ ಮ್ಯಾಜಿಕ್ ಇರೇಸರ್ 2021ರಲ್ಲಿ ಪಿಕ್ಸೆಲ್ 6 ಜೊತೆ ಬಂತು, ಆಪಲ್‌ನ ಕ್ಲೀನ್ ಅಪ್ 2024ರಲ್ಲಿ, ಅಡೋಬಿಯಲ್ಲಿ ಜೆನರೇಟಿವ್ ರಿಮೂವ್ ಇದೆ. ಬೆರಳಿಂದ ಸುತ್ತು ಹಾಕಿದ್ರೆ ಮನುಷ್ಯ ಹೋದ. ವಾಟ್ಸಾಪಲ್ಲಿ ಅಮ್ಮನಿಗೆ ಕಳಿಸೋಕೆ, ಇನ್‌ಸ್ಟಾಗ್ರಾಂಗೆ ಹಾಕೋಕೆ ಇದು ಧಾರಾಳ ಸಾಕು, ಅದಕ್ಕೋಸ್ಕರ ಟ್ರೈಪಾಡ್ ಹೊರೋದು ಬೇಡ. ಆದ್ರೆ ಎ3 ಸೈಜಿಗೆ ಪ್ರಿಂಟ್ ಹಾಕೋದಾದ್ರೆ ನೂರು ಪರ್ಸೆಂಟ್ ಝೂಮ್ ಮಾಡಿ ಆ ಜಾಗ ನೋಡಿ. ಕಂಬಿಗಳು ಮಧ್ಯದಲ್ಲಿ ಕರಗಿರ್ತವೆ, ಆರು ಕಂಬಿ ಇರೋ ಕಡೆ ಐದಾಗಿರ್ತವೆ, ದೀಪದ ಕಂಬಕ್ಕೆ ಇಲ್ಲದ ಕೊಂಬೆ ಬಂದಿರತ್ತೆ. ಬಣ್ಣದ ಫೋಟೋದಲ್ಲಿ ಕಣ್ಣು ಬೇರೆಲ್ಲೋ ಹೋಗಿಬಿಡತ್ತೆ, ಕಪ್ಪು-ಬಿಳುಪಲ್ಲಿ ಉಳಿಯೋದೇ ಗೆರೆ ಮತ್ತೆ ನೆರಳು, ತಪ್ಪು ಗೆರೆ ನೇರ ಕಣ್ಣಿಗೆ ಚುಚ್ಚತ್ತೆ. ಬಿದ್ದ ಕಮಾನನ್ನ ಜನ ಸೇರಿ ಎತ್ತಿ ನಿಲ್ಲಿಸಿದ ಪಿಯರಿಗೆ ಇಲ್ಲದ ಕಂಬಿ ಅಂಟಿಸಿ ಗೋಡೆಗೆ ಹಾಕೋಕೆ ನಂಗೆ ಮನಸ್ಸು ಬರಲ್ಲ.

ಊರಲ್ಲಿ ಫೋಟೋ ಸಲಾನ್‌ಗಳಿಗೆ, ಅಂದ್ರೆ ಫೋಟೋ ಸ್ಪರ್ಧೆಗಳಿಗೆ, ಕಳಿಸೋ ಗೆಳೆಯರು ತುಂಬಾ ಇದಾರೆ, ಅವರಿಗೆ ಇದು ಇನ್ನೂ ಮುಖ್ಯ. ಫಿಯಾಪ್ (ಅಂತರರಾಷ್ಟ್ರೀಯ ಫೋಟೋ ಒಕ್ಕೂಟ) ಮತ್ತೆ ಪಿಎಸ್‌ಎ (ಅಮೆರಿಕದ ಫೋಟೋ ಸಂಘ) ಮಾನ್ಯತೆ ಇರೋ ಸ್ಪರ್ಧೆಗಳಲ್ಲಿ ಎಐ ಹುಟ್ಟಿಸಿದ ಭಾಗಗಳಿಗೆ ಜಾಗ ಇಲ್ಲ, ಚಿತ್ರದ ಎಲ್ಲಾ ಭಾಗ ನೀವೇ ತೆಗೆದದ್ದಾಗಿರಬೇಕು. ಮೀಡಿಯನ್ ಸ್ಟ್ಯಾಕ್‌ನ ಪ್ರತಿ ಪಿಕ್ಸೆಲೂ ನಿಮ್ಮ ಕ್ಯಾಮೆರಾದ್ದೇ. ಆದ್ರೂ ಪ್ರತಿ ಸ್ಪರ್ಧೆಯ, ಪ್ರತಿ ವಿಭಾಗದ ನಿಯಮ ಓದಿಯೇ ಕಳಿಸಿ, ಜೊತೆಗೆ ಎಲ್ಲಾ ಮೂಲ ರಾ ಫೈಲ್‌ಗಳನ್ನ (ಕ್ಯಾಮೆರಾ ಹಿಡಿದ ಹಸಿ ಫೈಲ್‌ಗಳು) ಎತ್ತಿಟ್ಕೊಳಿ, ಕೇಳಿದ್ರೆ ತೋರಿಸ್ಬೇಕಾಗತ್ತೆ. ಮತ್ತೆ ಇಡೀ ಫೋಟೋಗೆ ಒಂದೇ ಬಣ್ಣದ ಟೋನ್, ಉದಾಹರಣೆಗೆ ಪೂರ್ತಿ ಸೀಪಿಯಾ ಕೊಟ್ರೆ ಅದು ಮಾನೋಕ್ರೋಮ್ ಆಗೇ ಉಳಿಯತ್ತೆ, ನೀರಿಗೆ ಮಾತ್ರ ನೀಲಿ ಟೋನ್ ಕೊಟ್ರೆ ಕಲರ್ ವಿಭಾಗಕ್ಕೆ ಹೋಗತ್ತೆ.

ಕಪ್ಪು-ಬಿಳುಪನ್ನ ಕ್ಯಾಮೆರಾದಲ್ಲೇ ಮಾಡೋದಾ, ಆಮೇಲೆ ಮಾಡೋದಾ? ಎರಡೂ ಮಾಡಿ. ಪಿಕ್ಚರ್ ಸ್ಟೈಲ್ ಮಾನೋಕ್ರೋಮ್ ಇಟ್ಟು ರಾ ಫೈಲಲ್ಲಿ ತೆಗೀರಿ, ಸ್ಕ್ರೀನಲ್ಲಿ ಕಪ್ಪು-ಬಿಳುಪು ಕಾಣತ್ತೆ, ಫೈಲಲ್ಲಿ ಬಣ್ಣ ಉಳಿದಿರತ್ತೆ. ಆ ಬಣ್ಣ ಯಾಕೆ ಬೇಕು ಅಂದ್ರೆ ಇಲ್ಲಿನ ಕೆಸರು ನೀರು ಕಿತ್ತಳೆ-ಕಂದು, ಆಕಾಶ ನೀಲಿ. ಕನ್ವರ್ಟ್ ಮಾಡುವಾಗ ಆರೆಂಜ್ ಸ್ಲೈಡರ್ ಮೇಲೆತ್ತಿ ಬ್ಲೂ ಕೆಳಗಿಳಿಸಿದ್ರೆ ನೀರು ಬೆಳಗಾಗಿ ಆಕಾಶ ಕಡುವಾಗತ್ತೆ, ಎರಡರ ನಡುವೆ ಪಿಯರ್ ಬಿಡಿಬಿಡಿಯಾಗಿ ನಿಲ್ಲತ್ತೆ. ನೀಲಿ ಸಮುದ್ರದಲ್ಲಿ ಈ ಆಟ ನಡೆಯಲ್ಲ, ನೀರೂ ಆಕಾಶವೂ ಒಟ್ಟಿಗೇ ಕಪ್ಪಾಗ್ತವೆ, ಕೆಸರು ಕೊಟ್ಟ ಲಾಭ ಇದು. ಬರೀ ಕಪ್ಪು-ಬಿಳುಪು ಜೆಪೆಗ್ ಇದ್ರೆ ಈ ಸ್ಲೈಡರ್‌ಗಳಿಗೆ ಹಿಡಿಯೋಕೆ ಏನೂ ಇರಲ್ಲ. ಬ್ಲೂ ಅನ್ನ ತೀರಾ ಇಳಿಸ್ಬೇಡಿ, ಕಂಬಿಗಳ ಅಂಚಲ್ಲಿ ಬಿಳಿ ಗೆರೆ ಎದ್ದು ಆಕಾಶದಲ್ಲಿ ನಾಯ್ಸ್ ಕುಣಿಯತ್ತೆ.

ಕ್ರಮ ಕೂಡ ಮುಖ್ಯ. ಜನರನ್ನ ತೆಗೆಯೋದು ಮೊದಲು, ಬಣ್ಣದ ಫೈಲಲ್ಲೇ, ಕನ್ವರ್ಟ್ ಮಾಡೋದು ಆಮೇಲೆ, ಗ್ರೇನ್ (ಹಳೇ ಫಿಲ್ಮಿನ ಥರದ ಕಾಳು ಕಾಳು) ಹಾಕೋದು ಎಲ್ಲಕ್ಕಿಂತ ಕೊನೆಗೆ. ಆದ್ರೆ ತೆಗೆಯುವಾಗಲೇ ಮೇಲೊಂದು ತಾತ್ಕಾಲಿಕ ಕಪ್ಪು-ಬಿಳುಪು ಲೇಯರ್ ಇಟ್ಕೊಂಡು ನೋಡ್ತಾ ಇರಿ, ಬಣ್ಣದಲ್ಲಿ ಚೆನ್ನಾಗೇ ಹೊಂದಿದ ಕ್ಲೋನ್ ತೇಪೆ ಬ್ಲೂ ಇಳಿಸಿದ ತಕ್ಷಣ ಆಕಾಶದಲ್ಲಿ ಕಲೆಯಾಗಿ ಕಾಣೋದುಂಟು. ಗ್ರೇನ್ ಮೊದಲೇ ಹಾಕಿದ್ರೆ ತೇಪೆ ಹಾಕಿದ ಜಾಗದಲ್ಲಿ ಗ್ರೇನ್ ಮುರಿಯತ್ತೆ.

ಹಾಗಾದ್ರೆ ಯಾರಿಗೆ ಯಾವುದು? ಫೋನ್ ಮಾತ್ರ ಇರೋರು ಬೆಳಗಾತ ಬೀಚಿಗೆ ಹೋಗಿ, ಒಬ್ಬರಿಬ್ಬರು ಸಿಕ್ಕಿದ್ರೆ ಇರೇಸರ್ ಬಳಸಿ, ರೇಲಿಂಗ್ ಮೇಲೆ ಮಾತ್ರ ಬೇಡ. ಕ್ಯಾಮೆರಾ, ಟ್ರೈಪಾಡ್ ಇದ್ದು ದುಡ್ಡು ಖರ್ಚು ಮಾಡೋ ಮನಸ್ಸಿಲ್ಲ ಅಂದ್ರೆ ಉಬ್ಬರದ ತುದಿಗೆ ಹೋಗಿ ಸ್ಟ್ಯಾಕ್ ಮಾಡಿ, ಎನ್‌ಡಿ ಫಿಲ್ಟರ್ ಆಮೇಲೆ ತಗೊಂಡ್ರೂ ನಡೆಯತ್ತೆ. ನೀರು ಮಂಜಾಗೋ ಆ ನೋಟವೇ ಬೇಕು ಅನ್ನೋರಿಗೆ ಹತ್ತು ಸ್ಟಾಪಿನ ಎನ್‌ಡಿ ಬಿಟ್ರೆ ಬೇರೆ ದಾರಿ ಹುಡುಕಬೇಡಿ, ಆರು ಸ್ಟಾಪಿನದು ಹಗಲಲ್ಲಿ ಎರಡು ಸೆಕೆಂಡಷ್ಟೇ ಕೊಡತ್ತೆ, ಜನ ಮಾಯ ಆಗೋಕೆ ಅದು ಸಾಲದು, ಅರ್ಧ ಅಳಿಸಿದ ದೆವ್ವಗಳಾಗಿ ಉಳೀತಾರೆ.

ತುದಿಯಲ್ಲಿ ಗಾಳ ಹಾಕಿ ನಿಂತ ಒಬ್ಬನೇ ಒಬ್ಬ ಇದ್ರೆ ನಾನೀಗ ಅವನನ್ನ ಬಿಟ್ಟುಬಿಡ್ತೀನಿ. ಮಂಟಪ ಎಷ್ಟು ದೊಡ್ಡದು ಅಂತ ನೋಡೋರಿಗೆ ತಿಳಿಯೋದು ಅವನಿಂದ. ಮಿಕ್ಕವರೆಲ್ಲ ಹೋಗಿ ಅವನು ಮಾತ್ರ ಉಳಿಯೋ ಹಾಗೆ ಮಾಡೋಕೂ ಎನ್‌ಡಿನೇ ಸುಲಭ, ತಾನಾಗೇ ಆಗತ್ತೆ.

ಒಂದು ದಿನ ಮಾತ್ರ ಇದ್ಯಾವುದೂ ಕೆಲಸಕ್ಕೆ ಬರಲ್ಲ, ಬೇಸಿಗೆಯಲ್ಲಿ ವೇವರ್ಲಿ ಬರೋ ದಿನ. ಸಮುದ್ರದಲ್ಲಿ ಪ್ರಯಾಣಿಕರನ್ನ ಹೊತ್ತು ಓಡಾಡೋ ಪ್ರಪಂಚದ ಕೊನೇ ಪ್ಯಾಡಲ್ ಸ್ಟೀಮರ್ (ಪಕ್ಕದ ಚಕ್ರಗಳಿಂದ ನೀರು ತಳ್ಳಿ ಓಡೋ ಹಬೆ ಹಡಗು) ಅದು, ಹಡಗಿಗೆ ಕಾಯೋ ಜನ ಪಿಯರ್ ತುಂಬಾ ಸಾಲಾಗಿ ನಿಂತಿರ್ತಾರೆ, ಕದಲೋದೇ ಇಲ್ಲ, ತೆಗೆದ ಫ್ರೇಮ್‌ಗಳಲ್ಲಿ ಅರ್ಧದಲ್ಲಾದ್ರೂ ಖಾಲಿ ಇರೋ ಜಾಗ ಒಂದಿಂಚೂ ಸಿಗಲ್ಲ. ಅವತ್ತು ಎನ್‌ಡಿ ಬಿಚ್ಚಿ ಬ್ಯಾಗಿಗೆ ಹಾಕಿ, ಶಟರ್ 1/500ಕ್ಕೆ ಏರಿಸಿ, ಹಡಗಿನ ಹೊಗೆ, ಕೈ ಬೀಸೋ ಮಕ್ಕಳು, ಟೋಪಿ ಹಿಡ್ಕೊಂಡ ಅಜ್ಜಂದಿರು ಎಲ್ಲರನ್ನೂ ಸೇರಿಸಿ ತೆಗೀರಿ. 1869ರಲ್ಲಿ ಈ ಪಿಯರ್ ಕಟ್ಟಿದ್ದೂ ಹಡಗು ಹತ್ತೋ ಜನರಿಗಾಗೇ.